ತುಂಬುಬಸಿರಿನ ಕಡೆಯ ದಿನಗಳು

ದಿನ ತುಂಬಿದ ಬಸುರಿ ಇರುವ ಮನೆಯಲ್ಲಿ ಹಿರಿಯ ಹೆಂಗಸರ ಕಣ್ಣು ಅವಳ ನಡಿಗೆಯ ಮೇಲೆಯೇ ಇರುತ್ತದೆ. ನಿನ್ನೆಯವರೆಗೆ ಎದೆಗೆ ಒತ್ತಿಕೊಂಡಂತಿದ್ದ ಹೊಟ್ಟೆ ಎರಡು ಮೂರು ಬೆರಳಿನಷ್ಟು ಕೆಳಕ್ಕೆ ಸರಿದಂತೆ ಕಂಡರೆ ಸಾಕು, “ಹೊಟ್ಟೆ ಇಳಿದಿದೆ ಕಣೇ, ಇನ್ನು ದಿನ ಬಹಳವಿಲ್ಲ” ಎಂದು ಅಜ್ಜಿ ಮೆಲ್ಲನೆ ಹೇಳುತ್ತಾಳೆ. ಆ ಒಂದು ಮಾತಿನಿಂದ ಮನೆಯಲ್ಲಿ ಸಿದ್ಧತೆ ಮೊದಲಾಗುತ್ತದೆ: ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಮಡಿಸಿಡುತ್ತಾರೆ, ಊರಿನಲ್ಲಿಲ್ಲದ ಅಳಿಯನಿಗೆ ಸುದ್ದಿ ಹೋಗುತ್ತದೆ. ಗಂಡಸರು ಈ ಮಾತನ್ನು ಕೇಳಿಯೂ ಕೇಳದವರಂತೆ ಇದ್ದುಬಿಡುವುದು ನಮ್ಮಲ್ಲಿ ವಾಡಿಕೆ. ಆದರೆ ಈ ಸಣ್ಣ ಮಾತಿನ ಹಿಂದೆ ಎರಡು ಸಾವಿರ ವರ್ಷಗಳ ಚರಿತ್ರೆಯಿದೆ. ಶಾಲೆಯ ಪಾಠಗಳಲ್ಲಿ ಅರಸರು ಕಾದಿದ ಯುದ್ಧಗಳನ್ನು ಇಸವಿ ಸಹಿತ ಹೇಳುತ್ತೇವೆ. ಆ ಅರಸರೆಲ್ಲರೂ ಹಾದುಬಂದ ಇಕ್ಕಟ್ಟಾದ ದಾರಿಯನ್ನು ಮನುಷ್ಯನು ಹೇಗೆ ಅರಿತನೆಂಬುದನ್ನು ಹೇಳುವವರು ಕಡಮೆ.

ಮೊದಲು ನಮ್ಮ ನುಡಿಯನ್ನೇ ನೋಡೋಣ. ಹಳಗನ್ನಡದಲ್ಲಿ ‘ಬಸಿರ್’ ಎಂದರೆ ಹೊಟ್ಟೆ. ಅದೇ ಗರ್ಭಕ್ಕೂ ಹೆಸರಾಯಿತು, ಗರ್ಭ ಧರಿಸಿದವಳು ಬಸಿರಿ, ಬಸುರಿ ಆದಳು. ‘ಪೆರ್’ ಎಂದರೆ ಪಡೆ ಎಂದರ್ಥ. ಅದೇ ಇಂದಿನ ‘ಹೆರು’. ‘ಪಡೆ’ ಎಂಬುದೇ ‘ಹಡೆ’ ಆಗಿ ಹಡೆದವ್ವನನ್ನು ಕೊಟ್ಟಿತು. ‘ಸೂಲ್’ ಎಂದರೆ ಹೆರಿಗೆ. ಹೂವಾಡಗಿತ್ತಿ ಎಂಬಲ್ಲಿರುವ ‘ಗಿತ್ತಿ’ ಪ್ರತ್ಯಯವೇ ಸೇರಿ ಸೂಲಗಿತ್ತಿ ಆಯಿತು. ಹೆರುವುದನ್ನು ನೋವೆಂದು ಹೆಸರಿಸದೆ, ಪಡೆಯುವುದೆಂದು ಹೆಸರಿಸಿದ ಭಾಷೆ ನಮ್ಮದು. ‘ಹೊಟ್ಟೆ ಇಳಿಯಿತು’ ಎಂಬ ನುಡಿಯೂ ಕಣ್ಣಾರೆ ಕಂಡವರು ಕಟ್ಟಿದ್ದು.

ಹಾಗಾದರೆ ಇಳಿಯುವುದೇನು? ಒಂಬತ್ತನೆಯ ತಿಂಗಳ ಹೊತ್ತಿಗೆ, ಅಂದರೆ ಸುಮಾರು 36 ವಾರ ತುಂಬಿದಾಗ, ಗರ್ಭಕೋಶದ ನೆತ್ತಿ ಎದೆಗೂಡಿನ ನಡುವಣ ಎಲುಬಿನ ಕೆಳತುದಿಯನ್ನು ಮುಟ್ಟಿರುತ್ತದೆ. ಎದೆಗೂ ಹೊಟ್ಟೆಗೂ ನಡುವೆ ತೆರೆಯಂತಿರುವ ವಪೆ ಮೇಲಕ್ಕೆ ಒತ್ತಲ್ಪಟ್ಟು, ಎರಡು ಮೆಟ್ಟಿಲು ಹತ್ತಿದರೂ ಬಸುರಿಗೆ ಮೇಲುಸಿರು ಬರುತ್ತದೆ. ನಾಲ್ಕು ತುತ್ತು ಉಂಡರೆ ಎದೆಯುರಿ. ಆ ಬಳಿಕ ಗರ್ಭಕೋಶದ ಕೆಳಭಾಗ ಹಿಗ್ಗಿ ಮೆದುವಾಗುತ್ತದೆ, ಸೊಂಟದ ಎಲುಬುಗಳ ಕೀಲುಗಳು ಸಡಿಲಗೊಳ್ಳುತ್ತವೆ, ಮಗುವಿನ ತಲೆ ಎಲುಬಿನ ಉಂಗುರದಂತಿರುವ ಶ್ರೋಣಿಯೊಳಕ್ಕೆ ಜಾರಿ ಕೂರುತ್ತದೆ. ಮೇಲಿನ ಒತ್ತಡ ತಗ್ಗಿ ಉಸಿರಾಟ ಹಗುರವಾಗುತ್ತದೆ, ಊಟ ಸೇರುತ್ತದೆ. ಆದರೆ ಮೇಲೆ ತಗ್ಗಿದ ಭಾರ ಕೆಳಗೆ ಬೀಳುತ್ತದೆ. ಮೂತ್ರಕೋಶ ಅದುಮಿಕೊಳ್ಳುವುದರಿಂದ ರಾತ್ರಿ ನಾಲ್ಕೈದು ಬಾರಿ ಏಳಬೇಕಾಗುತ್ತದೆ. ತೊಡೆಸಂದಿನಲ್ಲಿ, ನಡುವಿನಲ್ಲಿ ಜಗ್ಗಿದಂಥ ನೋವು. ಬಿಳಿಯ ಸ್ರಾವ ಹೆಚ್ಚು. ಕಾಲು ಅಗಲಿಸಿ ಇಡುವ ಬಾತಿನ ನಡಿಗೆ. ಇಷ್ಟನ್ನೂ ಸೇರಿಸಿ ನಮ್ಮ ಅಜ್ಜಿಯರು ಹೇಳಿದ್ದು ಎರಡೇ ಶಬ್ದ: ‘ಹೊಟ್ಟೆ ಇಳಿದಿದೆ.’

ಈ ತಿಳಿವಿನ ಚರಿತ್ರೆಯಲ್ಲಿ ಮೂರು ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯದು ಕಣ್ಣಿನ ಕಾಲ, ಎರಡನೆಯದು ಕೈಯ ಕಾಲ, ಮೂರನೆಯದು ಅಳತೆಯ ಕಾಲ.

ಕಣ್ಣಿನ ಕಾಲದ ಸಾಕ್ಷಿಗಳಲ್ಲಿ ನಮ್ಮ ದೇಶದ ಚರಕ, ಸುಶ್ರುತ ಸಂಹಿತೆಗಳದು ಮೊದಲ ಸಾಲು. ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯದಲ್ಲಿ ಹೆರಿಗೆ ಸಮೀಪಿಸಿದುದರ ಚಿಹ್ನೆಗಳ ಪಟ್ಟಿಯಿದೆ. ಮೈ ಬಳಲುವುದು, ಮುಖ ಬಾಡುವುದು, ಎದೆಯ ಕಟ್ಟು ಬಿಚ್ಚಿದಂತಾಗುವುದು, ಸೊಂಟ ಮತ್ತು ಬೆನ್ನಿನಲ್ಲಿ ಚುಚ್ಚುವ ನೋವು, ಸ್ರಾವ, ಅನ್ನದಲ್ಲಿ ಮನಸ್ಸಿಲ್ಲದಿರುವುದು ಎಲ್ಲವೂ ಅಲ್ಲಿವೆ. ಅವುಗಳ ನಡುವೆ ಎರಡು ಪದಗಳು ನಮ್ಮ ವಿಷಯಕ್ಕೆ ಮುಖ್ಯವಾದವು. ಒಂದು, ಕುಕ್ಷಿಯ ಅವಸ್ರಂಸನ, ಎಂದರೆ ಹೊಟ್ಟೆ ಕೆಳಕ್ಕೆ ಜಾರುವುದು. ಇನ್ನೊಂದು ಅಧೋಗುರುತ್ವ, ಎಂದರೆ ಕೆಳಭಾಗ ಭಾರವಾಗುವುದು. ಸುಶ್ರುತನೂ ಹೊಟ್ಟೆ ಸಡಿಲುವುದನ್ನು, ಹೃದಯದ ಬಂಧ ಕಳಚಿದಂತಾಗುವುದನ್ನು ಹೇಳುತ್ತಾನೆ. ಮೇಲೆ ಹಗುರ, ಕೆಳಗೆ ಭಾರ ಎಂಬ ಎರಡೂ ಅಂಶಗಳನ್ನು ಒಟ್ಟಿಗೆ ಹಿಡಿದಿರುವುದು ಗಮನಾರ್ಹ. ಎದೆಯ ಕಟ್ಟು ಬಿಚ್ಚಿದಂತಾಗುತ್ತದೆ ಎಂಬುದು ಹೊರಗೆ ನಿಂತು ನೋಡಿದವರ ಮಾತಲ್ಲ, ಬಸುರಿಯನ್ನು ಕೇಳಿ ತಿಳಿದವರ ಮಾತು. ಶಾಸ್ತ್ರ ಬರೆದವರು ಹೆಂಗಸರ ಬಾಯಿಂದ ಪಾಠ ಹೇಳಿಸಿಕೊಂಡಿದ್ದಾರೆ.

ಅದೇ ಅಧ್ಯಾಯದಲ್ಲಿ ಇನ್ನೂ ಒಂದು ವಿವೇಕದ ಮಾತಿದೆ. ಹೆರಿಗೆ ತಡವಾದಾಗ ಬಸುರಿಯ ಕೈಗೆ ಒನಕೆ ಕೊಟ್ಟು ಒರಳಿನಲ್ಲಿ ಧಾನ್ಯ ಕುಟ್ಟಿಸುವ ರೂಢಿ ಅಂದೇ ಇತ್ತೆಂದು ತೋರುತ್ತದೆ. ಆತ್ರೇಯನು ಅದನ್ನು ಒಪ್ಪುವುದಿಲ್ಲ. ಅಂಥ ಹೊತ್ತಿನಲ್ಲಿ ಸುಕುಮಾರವಾದ ಮೈಗೆ ಕಠಿಣ ಶ್ರಮ ಅಪಾಯವೆಂದು ಹೇಳಿ, ಅತ್ತಿತ್ತ ನಡೆದಾಡಿಸಿದರೆ ಸಾಕೆನ್ನುತ್ತಾನೆ. ನೋವು ಬಾರದೆ ಮುಕ್ಕಬಾರದೆಂದೂ ಎಚ್ಚರಿಸುತ್ತಾನೆ. ಹೊಟ್ಟೆ ಇಳಿಯಲೆಂದು ತುಂಬುಬಸುರಿಯಿಂದ ಭಾರ ಹೊರಿಸುವ, ಮೆಟ್ಟಿಲು ಹತ್ತಿಸಿ ಇಳಿಸುವ ಮನೆಗಳು ಇಂದಿಗೂ ಇಲ್ಲದಿಲ್ಲ. ಅವರಿಗೆ ಹೊಸ ವೈದ್ಯ ಹೇಳುವುದಕ್ಕೆ ಮುಂಚೆ ಹಳೆಯ ಆಚಾರ್ಯನೇ ಉತ್ತರ ಕೊಟ್ಟಿದ್ದಾನೆ.

ಪಶ್ಚಿಮದಲ್ಲಿ ಕ್ರಿ.ಶ. 2ನೆಯ ಶತಮಾನದ ಆದಿಯಲ್ಲಿ ರೋಮ್ ನಗರದಲ್ಲಿ ವೈದ್ಯನಾಗಿದ್ದ ಎಫಿಸಸ್ಸಿನ ಸೊರೇನಸ್ ಎಂಬ ಗ್ರೀಕನು ಸ್ತ್ರೀರೋಗಗಳ ಮೇಲೆ ಗ್ರಂಥವನ್ನು ಬರೆದ. ಒಳ್ಳೆಯ ಸೂಲಗಿತ್ತಿಯ ಗುಣಗಳೇನು ಎಂಬುದನ್ನೂ ಅದರಲ್ಲಿ ಹೇಳಿದ್ದಾನೆ. ಹೆರಿಗೆಯ ಮುನ್ಸೂಚನೆಗಳಲ್ಲಿ ಕೆಳಹೊಟ್ಟೆಯ ಭಾರ, ತೊಡೆಸಂದು ಮತ್ತು ನಡುವಿನ ನೋವು ಅವನ ಪಟ್ಟಿಯಲ್ಲೂ ಇವೆ. ಒಬ್ಬರನ್ನೊಬ್ಬರು ನೋಡದ ಎರಡು ನಾಡುಗಳ ಜನ ಒಂದೇ ವಿಷಯವನ್ನು ಒಂದೇ ಬಗೆಯಲ್ಲಿ ಬರೆದಿಟ್ಟದ್ದು ಹೇಗೆ? ತಾಯಂದಿರ ಮೈ ಎಲ್ಲ ನಾಡಿನಲ್ಲೂ ಒಂದೇ ಎಂಬುದೇ ಉತ್ತರ.

ಕಂಡದ್ದು ಹೀಗೆ ಸರಿಯಾಗಿದ್ದರೂ ಅದಕ್ಕೆ ಕೊಟ್ಟ ಕಾರಣ ಸರಿಯಾಗಿರಲಿಲ್ಲ. ಚರಕಸಂಹಿತೆಯ ಪ್ರಕಾರ ಶಿಶು ಗರ್ಭದಲ್ಲಿ ತಾಯಿಯ ಬೆನ್ನಿನ ಕಡೆ ಮುಖ ಮಾಡಿ, ತಲೆ ಮೇಲಾಗಿ, ಅಂಗಗಳನ್ನು ಮುದುಡಿಕೊಂಡು ಕೂತಿರುತ್ತದೆ. ಹುಟ್ಟುವ ಕಾಲ ಬಂದಾಗ ಪ್ರಸೂತಿಮಾರುತವೆಂಬ ವಾಯುವಿನಿಂದ ತಿರುಗಿ ತಲೆಕೆಳಗಾಗಿ ಹೊರಬರುತ್ತದೆ. ಗ್ರೀಸಿನಲ್ಲಿ ಹಿಪೊಕ್ರೆಟಿಸನ ಹೆಸರಿನಲ್ಲಿರುವ ಗ್ರಂಥಗಳೂ, ಅರಿಸ್ಟಾಟಲನೂ ಶಿಶು ಮೊದಲು ತಲೆ ಮೇಲಾಗಿದ್ದು ಆಮೇಲೆ ತಿರುಗುವುದೆಂದೇ ನಂಬಿದ್ದರು. ಯೂರೋಪಿನಲ್ಲಿ ಈ ‘ಲಾಗ’ದ ನಂಬಿಕೆ ಸಾವಿರದ ಐನೂರು ವರ್ಷಗಳಿಗೂ ಹೆಚ್ಚು ಕಾಲ ಉಳಿಯಿತು, 1668ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಸೂತಿಶಾಸ್ತ್ರದ ಹಿರಿಯ ಗ್ರಂಥವನ್ನು ಪ್ರಕಟಿಸಿದ ಮೊರಿಸೋ ಕೂಡ ಅದನ್ನು ಬಿಡಲಿಲ್ಲ. ಹೊರಗಿನ ಕಣ್ಣಿಗೆ ಹೊಟ್ಟೆ ಇಳಿದದ್ದು ಕಾಣುತ್ತದೆ. ಒಳಗೆ ಏನಾಯಿತೆಂದು ಕಾಣುವುದಿಲ್ಲ. ಕಣ್ಣಿನ ಕಾಲದ ಮಿತಿ ಇದು.

ಕೈಯ ಕಾಲ ಶಾಸ್ತ್ರಗ್ರಂಥಗಳಲ್ಲಿ ತಡವಾಗಿ ಬಂದರೂ ಹಳ್ಳಿಯ ಗುಡಿಸಲುಗಳಲ್ಲಿ ಎಂದಿನಿಂದಲೋ ಇತ್ತು. ಸೂಲಗಿತ್ತಿ ಅಂಗೈಯಿಂದ ಹೊಟ್ಟೆ ಸವರಿ ಎಲ್ಲಿ ತಲೆ, ಎಲ್ಲಿ ಬೆನ್ನು, ಎಲ್ಲಿ ಕಾಲು ಎಂದು ಹೇಳುತ್ತಿದ್ದಳು. ಅವಳು ಅದನ್ನು ಬರೆದಿಡಲಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಕೈಯಿಂದ ಕೈಗೆ ದಾಟಿಸಿದಳು. ಬರೆದಿಟ್ಟವರು 18ನೆಯ ಶತಮಾನದ ಲಂಡನ್ನಿನ ಇಬ್ಬರು ಸ್ಕಾಟರು. ವಿಲಿಯಂ ಸ್ಮೆಲಿ 1752ರಲ್ಲಿ ತನ್ನ ಪ್ರಸೂತಿಶಾಸ್ತ್ರವನ್ನೂ 1754ರಲ್ಲಿ ಅದರ ಚಿತ್ರಪಟಗಳನ್ನೂ ಪ್ರಕಟಿಸಿದ. ಶಿಶುವಿನ ತಲೆ ಬಹು ಮುಂಚಿನಿಂದಲೇ ಕೆಳಗಿರುವುದು ಸಾಮಾನ್ಯವೆಂದು ಹೇಳಿ ಲಾಗದ ಕಥೆಯನ್ನು ಕೈಬಿಟ್ಟ. ಶ್ರೋಣಿಯ ಉದ್ದಗಲಗಳನ್ನು ಬೆರಳಿನಿಂದ ಅಳೆಯುವ ಕ್ರಮವನ್ನು ಕಲಿಸಿದ. ವಿಲಿಯಂ ಹಂಟರನಿಗೆ 1751ರಲ್ಲಿ, ದಿನ ತುಂಬುವ ಹೊತ್ತಿನಲ್ಲಿ ಹಠಾತ್ತಾಗಿ ಸತ್ತ ಒಬ್ಬ ಗರ್ಭಿಣಿಯ ದೇಹ ದೊರಕಿತು. ಅಲ್ಲಿಂದ ಮೊದಲಾದ ಕೆಲಸ 1774ರಲ್ಲಿ 34 ದೊಡ್ಡ ಚಿತ್ರಫಲಕಗಳ ಗ್ರಂಥವಾಗಿ ಹೊರಬಂತು; ಹೆಚ್ಚಿನ ಚಿತ್ರಗಳನ್ನು ಬರೆದವನು ಯಾನ್ ವಾನ್ ರಿಮ್ಸ್‌ಡೈಕ್. ತಲೆಯನ್ನು ಕೆಳಗಿಟ್ಟು, ಮೈಯನ್ನು ಮುದುಡಿ, ಸಿಕ್ಕಿದ ಜಾಗವನ್ನೆಲ್ಲ ತುಂಬಿಕೊಂಡ ಶಿಶುವನ್ನು ಲೋಕ ಅಲ್ಲಿ ಕಂಡಿತು. ಆ ಹೆಂಗಸಿನ ಹೆಸರು ಗ್ರಂಥದಲ್ಲಿಲ್ಲ. ಹೆಸರಿಲ್ಲದ ಆ ತಾಯಿಗೆ ಪ್ರಸೂತಿಶಾಸ್ತ್ರದ ಋಣ ದೊಡ್ಡದು.

ಇಂದು ನಾವು ಬಲ್ಲದ್ದು ಹೀಗೆ: ಏಳನೆಯ ತಿಂಗಳವರೆಗೆ ಶಿಶು ನೀರಿನಲ್ಲಿ ಈಜುವಂತೆ ಬೇಕಾದ ಕಡೆ ತಿರುಗುತ್ತಿರುತ್ತದೆ. ಬೆಳೆದಂತೆ ಜಾಗ ಇಕ್ಕಟ್ಟಾಗಿ, ಬಹುಪಾಲು ಶಿಶುಗಳು 36 ವಾರದೊಳಗೆ ತಲೆ ಕೆಳಗಾಗಿ ನೆಲೆಗೊಳ್ಳುತ್ತವೆ. ದಿನ ತುಂಬಿದಾಗಲೂ ಕುಂಡೆ ಕೆಳಗಾಗಿ ಉಳಿಯುವವು ನೂರಕ್ಕೆ ಮೂರು ನಾಲ್ಕು ಮಾತ್ರ.

ತಲೆ ಕೆಳಗಿದ್ದ ಮಾತ್ರಕ್ಕೆ ಇಳಿಯಲೇಬೇಕೆಂದಿಲ್ಲ. ಬಾಗಿಲು ಸಾಕಷ್ಟು ಅಗಲವಿರಬೇಕು. ದಿನ ತುಂಬಿದ ಶಿಶುವಿನ ತಲೆಯ ಅಡ್ಡಗಲ ಸುಮಾರು 9.5 ಸೆಂಟಿಮೀಟರು, ಶ್ರೋಣಿಯ ಮೇಲ್ಬಾಗಿಲಿನ ಹಿಂದುಮುಂದಿನ ಅಳತೆ ಸುಮಾರು 11, ಅಡ್ಡಗಲ ಸುಮಾರು 13. ಈ ಲೆಕ್ಕದಲ್ಲಿ ಒಂದೆರಡು ಸೆಂಟಿಮೀಟರು ಕಡಮೆಯಾದರೆ ತಾಯಿ ಎಷ್ಟು ನೊಂದರೂ ತಲೆ ಇಳಿಯದು. ಈಜಿಪ್ಟಿನಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆ ಅರಸು ಮೆಂಟುಹೋಟೆಪನ ಅಂತಃಪುರದಲ್ಲಿದ್ದ ಹೆನ್ಹೆನಿತ್ ಎಂಬವಳ ಶವ ಮಮ್ಮಿಯಾಗಿ ಉಳಿದಿತ್ತು. 1935ರಲ್ಲಿ ಡೆರಿ ಎಂಬ ಶರೀರಶಾಸ್ತ್ರಜ್ಞ ಅದನ್ನು ಕುರಿತು ಬರೆದ ವರದಿಯಲ್ಲಿ, ಅವಳ ಶ್ರೋಣಿ ಕಿರಿದಾಗಿದ್ದುದೂ ಮೂತ್ರಕೋಶ ಹರಿದಿದ್ದುದೂ ದಾಖಲಾಗಿವೆ. ಇಳಿಯಲಾರದ ತಲೆ ಗಂಟೆಗಟ್ಟಲೆ ಒತ್ತಿದುದರ ಗುರುತು ಅದು. ಅರಮನೆಯ ವೈಭವ ಅವಳ ನೆರವಿಗೆ ಬರಲಿಲ್ಲ. ನಮ್ಮ ದೇಶದಲ್ಲೂ ಉತ್ತರಭಾಗದ ಗೋಷಾ ಮನೆಗಳಲ್ಲಿ ಬಿಸಿಲು ಕಾಣದ ಹೆಂಗಸರ ಎಲುಬು ಮೆತ್ತಗಾಗಿ ಶ್ರೋಣಿ ಕುಗ್ಗುತ್ತಿತ್ತು. ಡಾಕ್ಟರ್ ಕ್ಯಾಥ್ಲೀನ್ ವಾನ್ ಎಂಬಾಕೆ 1928ರಲ್ಲಿ ಇದನ್ನು ಕುರಿತು ಪುಸ್ತಕವನ್ನೇ ಬರೆದರು. ಬಿಸಿಲಿಲ್ಲದ ಬಾಳು ಹುಟ್ಟಲಿರುವ ಮಗುವಿನ ಬಾಗಿಲನ್ನು ಮುಚ್ಚುತ್ತದೆಂದರೆ, ಆಚಾರಕ್ಕೂ ಎಲುಬಿಗೂ ಇರುವ ನಂಟನ್ನು ಊಹಿಸಬಹುದು.

ಕಣ್ಣಿಗೆ ಕಂಡದ್ದೂ ಕೈಗೆ ಸಿಕ್ಕಿದ್ದೂ ಸಾಲದೆಂದು ಅಳತೆಯ ಕಾಲ ಬಂತು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಲಿಯೋಪೋಲ್ಡ್ ಹೊಟ್ಟೆ ಮುಟ್ಟಿ ನೋಡುವುದನ್ನು ನಾಲ್ಕು ಕ್ರಮಗಳಾಗಿ ಗೊತ್ತುಪಡಿಸಿದ: ಮೇಲ್ತುದಿಯಲ್ಲಿ ಏನಿದೆ, ಪಕ್ಕಗಳಲ್ಲಿ ಬೆನ್ನು ಯಾವ ಕಡೆ, ಕೆಳಗಿರುವುದು ತಲೆಯೇ, ಕೊನೆಗೆ ಆ ತಲೆ ಎಷ್ಟು ಇಳಿದಿದೆ. ಸೂಲಗಿತ್ತಿಯ ಅಂಗೈ ಬಲ್ಲುದೇ ಈಗ ಯಾರು ಬೇಕಾದರೂ ಕಲಿಯಬಹುದಾದ ಪಾಠವಾಯಿತು. 1974ರಲ್ಲಿ ದಕ್ಷಿಣ ಆಫ್ರಿಕದ ವೈದ್ಯ ಕ್ರೈಟನ್ ಅದನ್ನು ಇನ್ನೂ ಸುಲಭ ಮಾಡಿ ತಲೆಯನ್ನು ಐದು ಪಾಲಾಗಿ ಎಣಿಸಿದ. ಐದೂ ಪಾಲು ಹೊಟ್ಟೆಯ ಮೇಲಿನಿಂದ ಕೈಗೆ ಸಿಕ್ಕಿದರೆ ತಲೆ ಇನ್ನೂ ತೇಲುತ್ತಿದೆ. ಎರಡೇ ಪಾಲು ಅಥವಾ ಅದಕ್ಕೂ ಕಡಮೆ ಸಿಕ್ಕಿದರೆ ತಲೆ ಕೂತಿದೆ. ಬೆರಳಗಲವೇ ಅಳತೆಗೋಲು, ಯಂತ್ರ ಬೇಡ, ಕಾಸು ಬೇಡ.

ಒಳಗನ್ನು ನೋಡುವ ಯಂತ್ರಗಳೂ ಬಂದವು. 1895ರಲ್ಲಿ ಕ್ಷಕಿರಣಗಳು ಗೊತ್ತಾದ ಮೇಲೆ ಶ್ರೋಣಿಯ ಅಳತೆಗೆ ಅವನ್ನು ಬಳಸಿದರು. ಆದರೆ ಗರ್ಭದಲ್ಲಿದ್ದಾಗ ಕ್ಷಕಿರಣಕ್ಕೆ ಒಳಗಾದ ಮಕ್ಕಳಲ್ಲಿ ಅರ್ಬುದರೋಗ ಹೆಚ್ಚೆಂದು ಇಂಗ್ಲೆಂಡಿನ ಆಲಿಸ್ ಸ್ಟುಅರ್ಟ್ 1956ರಲ್ಲೂ 1958ರಲ್ಲೂ ತೋರಿಸಿದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು. ಅದೇ 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು, ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಹೊಟ್ಟೆಯ ಒಳಗನ್ನು ಚಿತ್ರಿಸುವ ಕ್ರಮವನ್ನು ಪ್ರಕಟಿಸಿದರು. ಇಂದು ಊರೂರಿನಲ್ಲಿರುವ ಸ್ಕ್ಯಾನಿಂಗ್ ಅದರ ಸಂತತಿ. ಆ ಯಂತ್ರವನ್ನು ಗಂಡೋ ಹೆಣ್ಣೋ ತಿಳಿಯುವುದಕ್ಕೆ ದುರುಪಯೋಗ ಮಾಡುವುದನ್ನು ತಡೆಯಲು ನಮ್ಮ ದೇಶ 1994ರಲ್ಲಿ ಕಾನೂನು ಮಾಡಬೇಕಾಯಿತು. ಹೊಟ್ಟೆ ಕೆಳಗಿದ್ದರೆ ಒಂದು, ಮೇಲಿದ್ದರೆ ಇನ್ನೊಂದು ಎಂದು ಪಂಥ ಕಟ್ಟುವವರೂ ನಮ್ಮಲ್ಲಿದ್ದಾರೆ. ಹೊಟ್ಟೆಯ ಎತ್ತರ ತಗ್ಗುಗಳಿಗೆ ತಾಯಿಯ ಹೊಟ್ಟೆಯ ಸ್ನಾಯು, ಶ್ರೋಣಿಯ ಆಕಾರ, ಶಿಶುವಿನ ನೆಲೆ ಕಾರಣವೇ ಹೊರತು ಶಿಶುವಿನ ಲಿಂಗವಲ್ಲ.

ನಮ್ಮ ನಾಡಿನಲ್ಲಿ ಕಣ್ಣು, ಕೈ, ಅಳತೆ ಈ ಮೂರೂ ಕಾಲಗಳು ಒಟ್ಟೊಟ್ಟಿಗೆ ಬಾಳಿದವು. ಬೆಂಗಳೂರಿನಲ್ಲಿ 1935ರಲ್ಲಿ ವಾಣಿವಿಲಾಸ ಆಸ್ಪತ್ರೆ ತೆರೆದಾಗ, ಹಳ್ಳಿಗಳಲ್ಲಿ ಹೆರಿಗೆಯ ಭಾರ ಸೂಲಗಿತ್ತಿಯ ಮೇಲೆಯೇ ಇತ್ತು. ಆ ಪರಂಪರೆಯ ದೊಡ್ಡ ಹೆಸರು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರದು. ಅಜ್ಜಿಯಿಂದ ವಿದ್ಯೆ ಕಲಿತು, ಕೂಲಿ ಕೇಳದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹೊಟ್ಟೆ ಮುಟ್ಟಿ ಶಿಶುವಿನ ನೆಲೆಯನ್ನು ಹೇಳಬಲ್ಲ ಕೈ ಅವರದು. ಆದರೆ ಎಷ್ಟೇ ಬಲ್ಲ ಕೈಯಾದರೂ ಇಳಿಯಲಾರದ ತಲೆಯನ್ನು ಇಳಿಸಲಾರದು. ಅದಕ್ಕೆ ಶಸ್ತ್ರಕ್ರಿಯೆ ಬೇಕು, ರಕ್ತ ಬೇಕು. ಲೈಪ್‌ಜಿಗ್ಗಿನ ಸೇಂಗರ್ 1882ರಲ್ಲಿ ಗರ್ಭಕೋಶದ ಗಾಯವನ್ನು ಹೊಲಿಯುವ ಕ್ರಮವನ್ನು ತೋರಿಸಿಕೊಡುವವರೆಗೆ, ಹೊಟ್ಟೆ ಕೊಯ್ದು ಮಗುವನ್ನು ತೆಗೆದರೆ ತಾಯಿ ಬದುಕುವುದೇ ಅಪರೂಪವಾಗಿತ್ತು. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆರಿಗೆಗಳ ಸುಮಾರು ಕಾಲುಭಾಗ ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿತ್ತು. 2019-21ರ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಆ ಸಂಖ್ಯೆ ನೂರಕ್ಕೆ 97ಕ್ಕೆ ಏರಿತು. 2018-20ರ ಲೆಕ್ಕದಂತೆ ನಮ್ಮ ರಾಜ್ಯದಲ್ಲಿ ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಸಾವನ್ನಪ್ಪಿದರು. ಹಿಂದಿನದಕ್ಕೆ ಹೋಲಿಸಿದರೆ ಕಡಮೆ ನಿಜ. ಆದರೆ ಆ ಅರವತ್ತೊಂಬತ್ತರಲ್ಲಿ ಒಬ್ಬೊಬ್ಬಳೂ ಒಂದು ಮನೆಯ ಮಗಳು.

ಈ ಚರಿತ್ರೆಯಿಂದ ಮನೆಯವರು ತಿಳಿಯಬೇಕಾದದ್ದೇನು? ಹೊಟ್ಟೆ ಇಳಿದದ್ದು ಸೂಚನೆಯೇ ಹೊರತು ಮುಹೂರ್ತವಲ್ಲ. ಹಳೆಯ ಗ್ರಂಥಗಳು ಈ ಚಿಹ್ನೆಯನ್ನು ಹೆರಿಗೆಯ ಹೊತ್ತಿನ ಚಿಹ್ನೆಗಳೊಡನೆಯೇ ಸೇರಿಸಿ ಹೇಳಿದವು. ವಾಸ್ತವವಾಗಿ ಚೊಚ್ಚಲ ಬಸುರಿಯಲ್ಲಿ ಹೆರಿಗೆಗೆ ಎರಡರಿಂದ ನಾಲ್ಕು ವಾರ ಮುಂಚೆಯೇ ಹೊಟ್ಟೆ ಇಳಿಯಬಹುದು. ಎರಡನೆಯ ಮೂರನೆಯ ಬಸುರಿಯಲ್ಲಿ ನೋವು ಬಂದ ಮೇಲೆಯೇ ಇಳಿಯುವುದು ಹೆಚ್ಚು. ಆದ್ದರಿಂದ ಇಳಿಯಿತೆಂದು ಆತುರಪಡಬೇಕಾಗಿಲ್ಲ, ಇಳಿಯಲಿಲ್ಲವೆಂದು ಹಳೆಯ ಹೆರಿಗೆಯವಳು ಹೆದರಬೇಕಾಗಿಲ್ಲ. ಆದರೆ ಚೊಚ್ಚಲ ಬಸುರಿಗೆ ದಿನ ತುಂಬಿಯೂ ತಲೆ ಕೂರದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ದಿನದ ಲೆಕ್ಕ ತಪ್ಪಿರಬಹುದು, ಮಾಸು ಕೆಳಗಿದ್ದು ದಾರಿಗೆ ಅಡ್ಡವಾಗಿರಬಹುದು, ಶಿಶುವಿನ ನೆಲೆ ಸರಿಯಿಲ್ಲದಿರಬಹುದು, ಬಾಗಿಲು ಕಿರಿದಾಗಿರಬಹುದು. ಏನೂ ತೊಂದರೆಯಿಲ್ಲದೆ ಸುಖವಾಗಿ ಹೆರುವವರೂ ಅವರಲ್ಲಿ ಬಹಳ. ಯಾವುದೆಂದು ಮೊದಲೇ ತಿಳಿದರೆ ನಡುರಾತ್ರಿಯ ಓಟ ತಪ್ಪುತ್ತದೆ.

37 ವಾರ ತುಂಬುವ ಮೊದಲೇ ಕೆಳಹೊಟ್ಟೆ ಭಾರವಾಗಿ ನೋವು ಬಿಟ್ಟು ಬಿಟ್ಟು ಬಂದರೆ, ರಕ್ತ ಕಂಡರೆ, ನೀರು ಹೋದರೆ, ಮಗುವಿನ ಮಿಸುಕಾಟ ಕಡಮೆಯಾದರೆ, ಮುಖ ಊದಿ ತಲೆನೋವು ಬಂದು ಕಣ್ಣು ಮಂಜಾದರೆ, ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೊಟ್ಟೆ ಇಳಿದಿದೆಯೋ ಇಲ್ಲವೋ ಎಂಬ ಚರ್ಚೆಗೆ ಅದು ಹೊತ್ತಲ್ಲ.

ಚರಕನ ಕಾಲದ ವೈದ್ಯನು ಬಸುರಿಯನ್ನು ಕೇಳಿ ಬರೆದ, ಸ್ಮೆಲಿ ಕೈಯಿಂದ ಅಳೆದ, ಕ್ರೈಟನ್ ಬೆರಳೆಣಿಕೆಗೆ ಇಳಿಸಿದ. ಇವರ ಸಾಲಿನಲ್ಲಿ ನಮ್ಮ ಅಜ್ಜಿಗೂ ಒಂದು ಮಣೆಯಿದೆ. “ಹೊಟ್ಟೆ ಇಳಿದಿದೆ” ಎಂದು ಅವಳು ಹೇಳಿದಾಗ ಮನೆಯ ಗಂಡಸರು ಮುಖ ತಿರುಗಿಸಿ ಹೊರಗೆ ಹೋಗದೆ, ತಾಯಿಕಾರ್ಡು ಎಲ್ಲಿದೆ, ಗಾಡಿ ಯಾರದು, ರಕ್ತ ಕೊಡುವವರು ಯಾರು ಎಂದು ಅಂದೇ ಗೊತ್ತುಮಾಡಿಕೊಳ್ಳಲಿ. ಅವಳ ಮಾತಿಗೆ ಮನೆಯವರು ಸಲ್ಲಿಸಬೇಕಾದ ಮರ್ಯಾದೆ ಅದೇ.